ಬೋರ್‌ವೆಲ್ ನೀರು, ಐದು ಮೊಟ್ಟೆ, ನನ್ನ ಸಹಿ

ಬೆಂಗಳೂರು ದಕ್ಷಿಣದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಭೌತವಿಜ್ಞಾನವನ್ನು ಕರಿಹಲಗೆಯಿಂದ ಇಳಿಸಿ ಬಕೆಟ್ಟಿಗೆ ತಂದವರಲ್ಲಿ ಶ್ರೀಮತಿ ಸರ್ವಮಂಗಳಾ ಅವರು ಪ್ರಮುಖರು. ಮೂವತ್ತೊಂದು ವರ್ಷಗಳ ಸೇವೆಯಿಂದ ಅವರು ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ, ಇಟ್ಟಮಡುವಿನ ಶಾಲೆಯಲ್ಲಿ ಅವರ ಸಹೋದ್ಯೋಗಿಯಾಗಿದ್ದ ನನಗೆ ಬೀಳ್ಕೊಡುಗೆ ಸಮಾರಂಭದ ಸ್ಮರಣಸಂಚಿಕೆಗೆ ಲೇಖನ ಬರೆಯಲು ಹೇಳಿದಾಗ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು.

ಹೊಸದಾಗಿ ಸೇರಿದ ನನಗೆ ಪಾಠಯೋಜನೆ ಬರೆಯಲು ಕಲಿಸಿದವರು, ನನ್ನ ಹೆಂಡತಿಯ ಹೆರಿಗೆಯ ಸಮಯದಲ್ಲಿ ಹದಿನೈದು ದಿನ ನನ್ನ ತರಗತಿಗಳನ್ನೂ ನಡೆಸಿದವರು ಅವರೇ.

ಎರಡು ವರ್ಷಗಳ ಹಿಂದೆ ಒಂದು ದಿನ ಒಂಬತ್ತನೇ ತರಗತಿಗೆ ಸಾಂದ್ರತೆಯ ಪಾಠವಿತ್ತು. ನೀರಿಗಿಂತ ಸಾಂದ್ರವಾದುದು ಮುಳುಗುತ್ತದೆಂದು ತೋರಿಸಲು ಮೇಡಂ ಬಿಸಿಯೂಟದ ಅಡುಗೆಯವರಾದ ದಾನಮ್ಮನವರಿಂದ ಐದು ಹಸಿಮೊಟ್ಟೆ ತಂದು ಬಕೆಟ್ಟಿನ ನೀರಿಗೆ ಬಿಟ್ಟರು. ಐದೂ ತೇಲಿದವು. ಮಕ್ಕಳು ನಕ್ಕರು, ಮೇಡಂ ನಗಲಿಲ್ಲ. ಮೊಟ್ಟೆ ಹಳತಾದಂತೆ ಒಳಗಿನ ತೇವ ಚಿಪ್ಪಿನ ರಂಧ್ರಗಳಿಂದ ಆರಿ, ಆ ಜಾಗಕ್ಕೆ ಗಾಳಿ ಸೇರುತ್ತದೆ. ಗಾತ್ರ ಅಷ್ಟೇ ಇದ್ದು ತೂಕ ಇಳಿಯುವುದರಿಂದ ಅದು ತೇಲುತ್ತದೆ. ಅವರು ನೇರವಾಗಿ ಅಡುಗೆಮನೆಗೆ ಹೋಗಿ, ಮಕ್ಕಳ ಊಟಕ್ಕೆ ಅದೇ ಮೊಟ್ಟೆಗಳು ಬೇಯುತ್ತಿದ್ದ ಒಲೆ ಆರಿಸಿದರು.

ಮುಖ್ಯೋಪಾಧ್ಯಾಯರು ಒಪ್ಪಲಿಲ್ಲ. "ಬೋರ್‌ವೆಲ್ ನೀರು ಮೇಡಂ, ಉಪ್ಪಿರುತ್ತೆ. ಅದಕ್ಕೇ ತೇಲ್ತಿದೆ. ಸುಮ್ನೆ ಇಶ್ಯೂ ಮಾಡ್ಬೇಡಿ" ಎಂದರು. ಮೇಡಂ ಅಂಗಡಿಯಿಂದ ತಾಜಾ ಮೊಟ್ಟೆ ತರಿಸಿ ಅದೇ ಬಕೆಟ್ಟಿಗೆ ಬಿಟ್ಟರು. ಅದು ತಳ ಸೇರಿತು. ನಾನು ಪಕ್ಕದಲ್ಲೇ ನಿಂತು ನೋಡಿದೆ.

ಆದರೂ ಆಮೇಲೆ ನಡೆದ ಇಲಾಖೆಯ ವಿಚಾರಣೆಯ ವರದಿಯಲ್ಲಿ ಮೊಟ್ಟೆಗಳು ಚೆನ್ನಾಗಿದ್ದವು, ನೀರೇ ಉಪ್ಪು, ಮಕ್ಕಳ ಪಾಲಿನ ಮೊಟ್ಟೆಯನ್ನು ಪಾಠಕ್ಕೆ ಕೊಟ್ಟದ್ದು ದಾನಮ್ಮನ ತಪ್ಪು ಎಂದು ಬರೆದರು. ವರ್ಗಾವಣೆಗೆ ಹೆದರಿ ನಾನು ಸಾಕ್ಷಿಯ ಸಹಿ ಹಾಕಿದೆ. ವಿಜ್ಞಾನದ ಮೇಷ್ಟ್ರ ಸಹಿಯಿದ್ದ ಮೇಲೆ ಯಾರು ತಾನೇ ಮರುಪ್ರಶ್ನೆ ಹಾಕುತ್ತಾರೆ? ಮೇಡಂ ಅವರನ್ನು ತಲಘಟ್ಟಪುರದಾಚೆಗೆ ವರ್ಗ ಮಾಡಿದರು, ದಾನಮ್ಮನ ಕೆಲಸ ಹೋಯಿತು. "ಪಾಠಕ್ ಬೇಕಂದ್ರು, ಕೊಟ್ಟೀನ್ರೀ ಸರ. ನಂದೇನ್ ತಪ್ಪೈತ್ರೀ?" ಎಂದು ಆಕೆ ಗೇಟಿನ ಬಳಿ ಕೇಳಿದಾಗ ನಾನು ಬೈಕು ನಿಲ್ಲಿಸಲಿಲ್ಲ.

ಕಳೆದ ತಿಂಗಳು ಸಮಾರಂಭದ ವಿಷಯ ತಿಳಿಸಲು ಹೋದಾಗ ಮೇಡಂ ಕೇಳಿದ್ದು ಒಂದೇ. "ನನ್ನ ಹೊಗಳ್ಬೇಡಿ ಕೈಲಾಸ್. ದಾನಮ್ಮಂದು ತಪ್ಪಿರ್ಲಿಲ್ಲ ಅಂತ ಬರೀರಿ. ಅವ್ರಿಗೆ ಓದಿ ಹೇಳಿ."

ಮೇಡಂ, ನೀವು ಹೇಳಿದಂತೆ ಬರೆದಿದ್ದೇನೆ. ದಾನಮ್ಮನವರದು ಯಾವ ತಪ್ಪೂ ಇರಲಿಲ್ಲ, ತಪ್ಪು ನನ್ನದು. ಓದಿ ಹೇಳಲು ಅವರ ಮನೆಗೂ ಹೋಗಿದ್ದೆ. ಯುಗಾದಿಗೆ ಮೊದಲೇ ತೀರಿಕೊಂಡರೆಂದು ಮಗಳು ಬಾಗಿಲಲ್ಲೇ ಹೇಳಿದಳು. ಇದನ್ನು ನಿಮಗೆ ಎದುರಿಗೆ ಹೇಳುವ ಧೈರ್ಯವೂ ನನಗಾಗಲಿಲ್ಲ.

ನೀವು ನೂರ್ಕಾಲ ಬಾಳಬೇಕು, ಇನ್ನಷ್ಟು ಮಕ್ಕಳಿಗೆ ಕಲಿಸಬೇಕು. ಆದರೆ ನನ್ನನ್ನು ದಯವಿಟ್ಟು ಕ್ಷಮಿಸಬೇಡಿ.