ಅವ್ವನ ತಲೆಯ ಮೇಲಿನ ಕೈ

ಮೊನ್ನೆ ಮೊಮ್ಮಗನ ಪ್ಯಾಂಟು ಒಗೆಯಲು ಹಾಕುವಾಗ ಜೇಬಿನಿಂದ ಬಡೇಸೋಪು ಉದುರಿತು. ಅದರ ಘಮ ಮೂಗಿಗೆ ಬಡಿದದ್ದೇ ವಿಜಾಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿದ್ದ ಹಕೀಮರು ನೆನಪಾದರು. ಹಳೆಯ ಸಿಟ್ಟೂ ಎದ್ದಿತು.

ಎಪ್ಪತ್ತರ ದಶಕ. ನಾವಿದ್ದದ್ದು ಬಬಲೇಶ್ವರದಲ್ಲಿ. ಹದಿನೇಳು ವರ್ಷದ ನನ್ನಣ್ಣ ಸಾರಾಯಿ ಕುಡಿದು, ವಾಸನೆ ಮುಚ್ಚಲು ಬಡೇಸೋಪು ಜಗಿದು ಮನೆಗೆ ಬರುತ್ತಿದ್ದ. ಅಪ್ಪ ಅವನ ರಟ್ಟೆ ಹಿಡಿದು ಹಕೀಮರ ಬಳಿ ಒಯ್ದರೆ, ಅವರು ಪುಡಿಯನ್ನೂ ಕೊಡಲಿಲ್ಲ, ನಾಡಿಯನ್ನೂ ಹಿಡಿಯಲಿಲ್ಲ.

"ಇವನೊಬ್ಬನ್ನ ಕರಕೊಂಡು ಬಂದ್ರ ನಾ ಏನ್ ಮಾಡ್ಲಿ ಗೌಡ್ರ? ಮನಿ ಮಂದಿ ಎಲ್ಲಾರೂ ಬರ್ರಿ."

"ಕುಡಿಯಾಂವ ಅಂವ. ನಾವ್ಯಾಕ ಬರೂದ್ರಿ?" ಎಂದು ಅಪ್ಪ ಗುರುಗುಟ್ಟಿದ.

ಆದರೂ ಹೋದೆವು. ಪ್ರತಿ ಗುರುವಾರ, ನಾಲ್ವರೂ, ಬಸ್ಸಿನಲ್ಲಿ. ಹಕೀಮರು ಚಾಪೆ ಹಾಸಿ ಕೂರಿಸಿ ಎಲ್ಲರನ್ನೂ ಮಾತಾಡಿಸುತ್ತಿದ್ದರು. ಮಗನ ಜೊತೆ ಕೂತು ಉಂಡು ಎಷ್ಟು ದಿನವಾಯಿತೆಂದು ಕೇಳಿದಾಗ ಅಪ್ಪ ರುಮಾಲು ಸರಿಮಾಡಿಕೊಂಡ. ಮೂರನೇ ವಾರ ಅಣ್ಣ ತಾನಾಗಿಯೇ ಬಾಯಿಬಿಟ್ಟ. ಮೆಟ್ರಿಕ್ ನಪಾಸಾದದ್ದು, ಅಪ್ಪ ನಾಲ್ಕು ಜನರೆದುರು ಹೀಯಾಳಿಸಿದ್ದು, ಎಲ್ಲಿ ಕುಡಿಯುತ್ತಿದ್ದನೆಂಬುದು...

ಹೊರಡುವಾಗ ಹಕೀಮರು ಅಪ್ಪನಿಗೆ ಮೆತ್ತಗೆ ಹೇಳಿದರು: "ಆಣಿ ಮಾತ್ರ ಮಾಡಿಸಬ್ಯಾಡ್ರಿ. ಹುಡುಗ ಇನ್ನೂ ಒಮ್ಮೊಮ್ಮೆ ಜಾರತಾನ. ಜಾರಿದಾಗ ಮನಿಗೆ ಬಂದು ಹೇಳೂವಂಗ ಇರ್ಲಿ."

ಅಪ್ಪನಿಗೆ ಎಲ್ಲಿಯ ತಾಳ್ಮೆ! ಮರುದಿನವೇ ಅಣ್ಣನ ಕೈಯನ್ನು ಅವ್ವನ ತಲೆಯ ಮೇಲೆ ಇಡಿಸಿದ. "ಇನ್ನ ಕುಡದ್ರ ನಮ್ಮವ್ವ ಸಾಯ್ತಾಳ ಅಂತ ಹೇಳು ಲೇ!" ಅಣ್ಣ ಹೇಳಿದ. ಕೆಲಸ ಮುಗಿಯಿತೆಂದು ಅಪ್ಪ ಗುರುವಾರದ ಪ್ರಯಾಣವನ್ನೇ ನಿಲ್ಲಿಸಿಬಿಟ್ಟ.

ಎರಡು ತಿಂಗಳಿಗೆ ಅಣ್ಣ ಮತ್ತೆ ಕುಡಿದ. ಅದೇ ವಾರ ಅವ್ವ ಕಾಮಾಲೆಯಾಗಿ ಹಾಸಿಗೆ ಹಿಡಿದಳು. ಅಣ್ಣ ಹೊಸ್ತಿಲಾಚೆಯೇ ನಿಂತು ಅವಳನ್ನು ನೋಡಿ, "ನನ್ನಿಂದನ ಆತು ತಂಗೀ" ಎಂದ. ಅಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ನಾನೂ ಹಾಗೆಯೇ ನಂಬಿದ್ದೆ... ಬೆಳಗಾದರೆ ಅವನಿರಲಿಲ್ಲ. ತಿಕೋಟಾ ದಾಟಿ ಗಡಿಯಲ್ಲಿರುವ ಕನಮಡಿ ಕಡೆ ನಡೆದು ಹೋದದ್ದನ್ನು ಯಾರೋ ಕಂಡಿದ್ದರಂತೆ.

ಅವ್ವ ತಿಂಗಳೊಳಗೆ ಎದ್ದು ಓಡಾಡಿದಳು. ಮುಂದೆ ಇಪ್ಪತ್ತು ವರ್ಷ ಬದುಕಿದಳು. ಅಣ್ಣ ತಿರುಗಿ ಬರಲಿಲ್ಲ; ಅದು ಅವನಿಗೆ ತಿಳಿಯಲೇ ಇಲ್ಲ.

ಅಣ್ಣ ಹೋದ ಮೇಲೆ ಅಪ್ಪ ಹೋಗಿ ಆ ಚಾಪೆಯ ಮೇಲೆ ಕೂತು ಅತ್ತಾಗ ಹಕೀಮರು ಕುಡಿಯಲು ನೀರು ಕೊಟ್ಟರು, ಅಷ್ಟೇ. ಬೈಯಬೇಕಿತ್ತು ಅವರು! ಆಣೆ ಬೇಡವೆಂದ ಆವತ್ತೇ ಗದರಿಸಿ ಹೇಳಿದ್ದರೆ... ಈ ಸಿಟ್ಟು ಯಾರ ಮೇಲೆಂದು ನನಗೆ ಇನ್ನೂ ಬಗೆಹರಿದಿಲ್ಲ.

ಈಗ ಹಕೀಮರಿಲ್ಲ, ಅವರ ದವಾಖಾನೆಯೂ ಇಲ್ಲ. ಮೊನ್ನೆ ಕೇಳಿದಾಗ ಮೊಮ್ಮಗ ಕುಡಿದದ್ದನ್ನು ಒಪ್ಪಿಕೊಂಡ. ನನ್ನ ಮಗಳು ಅಳುತ್ತ ಅವನ ಕೈ ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು. ನಾನು ಆ ಕೈ ಕಿತ್ತು ತೆಗೆದು, ಚಾಪೆ ಹಾಸಿದೆ.

"ಇಬ್ಬರೂ ಕುಂಡ್ರಿ. ನೀ ಹೇಳು ಯಪ್ಪಾ. ನಿಮ್ಮವ್ವ ಏನ್ ಸಾಯೂದಿಲ್ಲ."