ಪಿ.ಟಿ. ಸರ್ ಕೂದಲು ಬಿಟ್ಟ ವರ್ಷ

ನಮ್ಮ ಪಿ.ಟಿ. ಸರ್ ಕತ್ತಿನ ಹಿಂಭಾಗದಲ್ಲಿ ಎರಡು ಮಡಿಕೆಗಳಿದ್ದವು. ಕೂದಲನ್ನು ಎಷ್ಟು ಗಿಡ್ಡ ಮಾಡಿಸುತ್ತಿದ್ದರೆಂದರೆ, ಆ ಮಡಿಕೆಗಳ ನಡುವೆ ಬೆವರು ಇಳಿಯುವುದು ಪ್ರಾರ್ಥನೆಗೆ ನಿಂತ ನಮಗೆಲ್ಲ ಕಾಣುತ್ತಿತ್ತು. ಅವರು ಧ್ವಜಕಂಬದ ಕಡೆ ಮುಖ ಮಾಡಿ ನಿಂತರೆ ನಾಡಗೀತೆ ಮುಗಿಯುವವರೆಗೆ ನಾವು ಆ ಕತ್ತನ್ನೇ ನೋಡುತ್ತಿದ್ದೆವು. ಅದು ಕೆಂಪಾಯಿತೆಂದರೆ ಹಿಂದಿನ ಸಾಲಿನಲ್ಲಿ ಯಾರೋ ಮಾತಾಡಿದ್ದಾರೆ, ಅದು ಸರ್ ಕಿವಿಗೆ ಬಿದ್ದಿದೆ, ಹಾಡು ಮುಗಿದ ಕೂಡಲೇ ಒಬ್ಬನ ಕಥೆಯೂ ಮುಗಿಯಿತು ಎಂದು ಅರ್ಥ.

ಮಾನ್ವಿಯ ಸರಕಾರಿ ಹೈಸ್ಕೂಲು ನಮ್ಮದು. ಸರ್ ರಾಯಚೂರಿನವರು. ತೀನ್ ಕಂದೀಲ್ ಹತ್ತಿರದ ಗಲ್ಲಿಯಿಂದ ದಿನಾ ಮೊದಲ ಬಸ್ಸು ಹಿಡಿದು ಬಂದು, ನಾವು ಬರುವ ಹೊತ್ತಿಗೆ ಗೇಟಿನಲ್ಲಿ ನಿಂತಿರುತ್ತಿದ್ದರು. ಅವರು ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡೇ ಇಲ್ಲ. ಊಟವನ್ನೂ ವರಾಂಡದಲ್ಲಿ ಓಡಾಡುತ್ತಲೇ ಮಾಡುತ್ತಿದ್ದರು, ಒಂದು ಕೈಯಲ್ಲಿ ಡಬ್ಬಿ, ಕಣ್ಣು ಮೈದಾನದ ಮೇಲೆ. ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವವರು, ಸಿಟ್ಟು ಬಂದರೆ ಎರಡೂ ಭಾಷೆ ಬೆರೆಯುತ್ತಿದ್ದವು. “ಏ ಚುಪ್! ಸೀದಾ ನಿಂದ್ರಲೇ! ಸಾಲಿ ಅಂದ್ರ ಸಂತಿ ಅಂತ ತಿಳ್ಕೊಂಡೀರೇನು?” ನೆಟ್ಟಗೆ ನಿಲ್ಲಲು ಬಾರದವನಿಗೆ ಓದಲೂ ಬರುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಉಗುರು, ಶರ್ಟಿನ ಗುಂಡಿ, ರಿಬ್ಬನ್ನು, ಕೂದಲು ಎಲ್ಲವೂ ಅವರ ಸರಹದ್ದಿನೊಳಗೆ ಬರುತ್ತಿದ್ದವು.

ಮಕ್ಕಳನ್ನು ಹೊಡೆಯಬಾರದು ಎಂಬ ಕಾನೂನು ಆಗ ಹೊಸದು. ಸರ್ ಕೈಯಲ್ಲಿದ್ದ ಹುಣಸೆಯ ಬೆತ್ತ ಒಂದು ದಿನ ಹೆಡ್‌ಮಾಸ್ತರರ ಬೀರು ಸೇರಿತು. ಇದರಿಂದ ಹೆಚ್ಚು ಕಂಗಾಲಾದವರು ತಂದೆತಾಯಿಗಳು. ಒಬ್ಬ ಅಪ್ಪ ಮಗನ ಕೈ ಹಿಡಿದು ಗೇಟಿಗೇ ಬಂದು ಕೇಳಿದ್ದ, “ಹಿಂಗ ಕೈ ಬಿಟ್ರ ಹೆಂಗ್ರೀ ಸರ? ಮನ್ಯಾಗ ನಮ್ಮ ಮಾತು ಕೇಳಂಗಿಲ್ಲ, ಇಲ್ಲಿ ನೀವೂ ಬಡಿಯಂಗಿಲ್ಲ ಅಂದ್ರ ಇವ ಯಾರ ಮಾತು ಕೇಳ್ಬೇಕು?”

“ನಾ ಏನ್ ಮಾಡ್ಲಿ? ಸರಕಾರದೋರು ಕೈ ಕಟ್ಟ್ಯಾರ,” ಎಂದಿದ್ದರು ಸರ್, ತಮಗೇ ಅನ್ಯಾಯವಾದವರಂತೆ.

ಆದರೆ ಕಾನೂನಿನಲ್ಲಿ ಕತ್ತರಿಯ ಸುದ್ದಿ ಇರಲಿಲ್ಲ. ಬೆತ್ತ ಹೋದ ಜಾಗಕ್ಕೆ ಕತ್ತರಿ ಬಂತು. ಕೂದಲು ಕಿವಿ ಮುಚ್ಚಿದ ಹುಡುಗರನ್ನು ಪ್ರಾರ್ಥನೆಯ ಸಾಲಿನಿಂದ ಎಳೆದು ಹಣೆಯ ಮೇಲಿನ ಒಂದು ಹಿಡಿಯನ್ನು ಕಚಕ್ಕೆಂದು ಕತ್ತರಿಸಿಬಿಡುತ್ತಿದ್ದರು. ಆ ಹೊಂಡ ಮುಚ್ಚಬೇಕೆಂದರೆ ಹುಡುಗ ಸಂಜೆಯೇ ಕ್ಷೌರದ ಅಂಗಡಿಗೆ ಹೋಗಲೇಬೇಕು. ಹೊಡೆತವಿಲ್ಲ, ಬೈಗುಳವಿಲ್ಲ, ಕೆಲಸ ಮಾತ್ರ ಆಗುತ್ತಿತ್ತು. ತಮ್ಮ ಈ ಉಪಾಯದ ಬಗ್ಗೆ ಅವರಿಗೆ ಹೆಮ್ಮೆಯೂ ಇತ್ತು.

ನಾವು ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ಆ ಕತ್ತರಿ ಮಲ್ಲೇಶನ ತಲೆಗೆ ಬಂತು. ಮಲ್ಲೇಶ ನಮ್ಮ ಓಣಿಯವನು. ಅವನ ಅವ್ವ, ನಮ್ಮವ್ವ ಒಂದೇ ಗುಂಪಿನಲ್ಲಿ ನೆಲ್ಲಿನ ನಾಟಿಗೆ ಹೋಗುತ್ತಿದ್ದರು. ಹಿಂದಿನ ವರ್ಷ ಅವನಿಗೆ ಕಾಮಾಲೆಯಾಗಿ, ಕಣ್ಣು ಅರಿಶಿನವಾಗಿ, ಉಳಿಯುವುದೇ ಅನುಮಾನ ಎಂದಾಗಿತ್ತು. ಹುಡುಗ ಬದುಕಿದರೆ ವರ್ಷಪೂರ್ತಿ ತಲೆಗೆ ಕತ್ತರಿ ಮುಟ್ಟಿಸದೆ ಕೂದಲು ಬಿಟ್ಟು, ದೇವಸುಗೂರಿನ ಹೊಳೆದಂಡೆಯಲ್ಲಿ ತೆಗೆಸುತ್ತೇನೆಂದು ಅವನವ್ವ ಸೂಗೂರೇಶಪ್ಪನಿಗೆ ಹರಕೆ ಹೊತ್ತಿದ್ದಳು. ಓಣಿಗೆಲ್ಲ ಗೊತ್ತಿದ್ದ ಸಂಗತಿ. ಶಾಲೆಗೆ ಹೋಗಿ ಹೇಳಬೇಕು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಮಲ್ಲೇಶನೋ ಎಣ್ಣೆ ಹಚ್ಚಿ, ಹಿಂದಕ್ಕೆ ಬಾಚಿ, ಸ್ಟೈಲಿಗೆ ಬಿಟ್ಟವನಂತೆ ಓಡಾಡುತ್ತಿದ್ದ. ದೇವರ ಕೂದಲು ಅಂದರೆ ಹುಡುಗರು ನಗುತ್ತಾರೆಂಬ ನಾಚಿಕೆ.

“ಬಾರಪ್ಪಾ ಹೀರೋ, ಯಾವ ಪಿಚ್ಚರ್ ನಿಂದು?” ಎಂದರು ಸರ್. ಸಾಲೆಲ್ಲ ನಕ್ಕಿತು. ಮಲ್ಲೇಶ ತುಟಿ ಬಿಚ್ಚಲಿಲ್ಲ. ಕತ್ತರಿ ಆಡಿತು. ಆಮೇಲೆ ಅವನು ಬಗ್ಗಿ, ಮಣ್ಣಿನ ಮೇಲೆ ಬಿದ್ದ ಕೂದಲನ್ನು ಎಳೆ ಎಳೆಯಾಗಿ ಆಯ್ದು ಜೇಬಿಗೆ ಹಾಕಿಕೊಳ್ಳತೊಡಗಿದ. ಸರ್ ಕೈ ಗಾಳಿಯಲ್ಲೇ ನಿಂತಿತು. ಅಷ್ಟು ತಲೆಗಳಿಗೆ ಕತ್ತರಿ ಹಾಕಿದ್ದರೂ ಬಿದ್ದ ಕೂದಲನ್ನು ಆಯ್ದುಕೊಂಡವನನ್ನು ಅವರು ಅದೇ ಮೊದಲು ನೋಡಿದ್ದು.

ಮರುದಿನ ಮಲ್ಲೇಶ ಬರಲಿಲ್ಲ. ಅವನವ್ವ ಅವನನ್ನು ಕರೆದುಕೊಂಡು ಮಸರಕಲ್ಲಿನ ತನ್ನ ತವರಿಗೆ ಹೋಗಿಬಿಟ್ಟಿದ್ದಳು. ಇನ್ನು ಆ ಶಾಲೆಯ ಮುಖ ನೋಡುವುದಿಲ್ಲ, ಅವನು ಮಾವನ ಹೊಲದಲ್ಲೇ ಇರಲಿ ಎಂದು ಹೇಳಿ ಹೋಗಿದ್ದಳು. ಸರ್‌ಗೆ ವಿಷಯ ತಿಳಿಸಿದ್ದು ನಮ್ಮವ್ವ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಗೇಟಿಗೆ ಬಂದು, ಬುತ್ತಿಗಂಟನ್ನು ಕಂಕುಳಲ್ಲಿಟ್ಟುಕೊಂಡೇ ಎಲ್ಲವನ್ನೂ ಹೇಳಿದಳು.

“ಅವನರ ಒಂದು ಮಾತು ಹೇಳಬಾರ್ದಿತ್ತೇನ್ ಯವ್ವಾ?”

“ನಿಮ್ಮ ಮುಂದ ಯಾರು ಬಾಯಿ ಬಿಡ್ತಾರ್ರೀ ಸರ? ನೀವು ಕೇಳಬೇಕಿತ್ತು.”

ಆ ವಾರವೆಲ್ಲ ಸರ್ ಸೀಟಿ ಊದುವುದನ್ನೇ ಮರೆತರು. ಹೋದವನು ಹೋಗಲಿ, ಟಿ.ಸಿ. ಕೇಳಿದರೆ ಕೊಟ್ಟರಾಯಿತು ಎಂದು ಹೆಡ್‌ಮಾಸ್ತರರು ಅಂದಿದ್ದರಂತೆ. ಸರ್ ಮಾತ್ರ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಿದ್ದರು. ದಾರಿ ತೋರಿಸಲು ಅವ್ವ, ಅವ್ವನ ಹಿಂದೆ ನಾನು. ಸಿರವಾರದಲ್ಲಿ ಬಸ್ಸು ಬದಲಿಸಿ ಮಸರಕಲ್ ಮುಟ್ಟಿದೆವು. ದಾರಿಯುದ್ದಕ್ಕೂ ಸರ್ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತೇ ಇದ್ದರು.

ಮಲ್ಲೇಶನ ಅವ್ವ ಅಂಗಳದಲ್ಲಿ ಕೆಂಪು ಮೆಣಸಿನಕಾಯಿಯ ರಾಶಿ ಹಾಕಿಕೊಂಡು ತೊಟ್ಟು ಮುರಿಯುತ್ತಿದ್ದಳು. ಸರ್ ಕ್ಷಮೆ ಕೇಳಲು ಬಾಯಿ ತೆರೆದರು, ಸೀನು ಬಂತು. ಮತ್ತೆ ತೆರೆದರು, ಮತ್ತೆ ಸೀನು. ಕಣ್ಣು ಮೂಗೆಲ್ಲ ನೀರಾಗಿ, ನಮ್ಮನ್ನು ನಡುಗಿಸುತ್ತಿದ್ದ ಆ ಮನುಷ್ಯ ಕರವಸ್ತ್ರ ಹುಡುಕುತ್ತ ನಿಂತದ್ದು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅವ್ವ ಚಿವುಟಿದಳು.

“ತಪ್ಪಾಗ್ಯಾದ ಯವ್ವಾ. ಹುಡುಗನ್ನ ಕಳಸು.”

“ನಿಮ್ಮ ತಪ್ಪು ತೊಗೊಂಡು ನಾ ಏನ್ ಮಾಡ್ಲಿರೀ? ದೇವರಿಗೆ ಏನ್ ಹೇಳ್ಲಿ? ಮತ್ತ ಮೊದಲಿಂದ ಕೂದಲಾ ಬಿಡಬೇಕು. ನಾಳಿ ಇನ್ನೊಬ್ಬ ಮಾಸ್ತರ ಕತ್ರಿ ಹಿಡ್ಕೊಂಡು ಬರ್ತಾನ.”

“ಯಾರೂ ಮುಟ್ಟಂಗಿಲ್ಲ.”

“ಅದಕ್ಕ ಯಾರ್ರೀ ಜಾಮೀನು?”

ಸರ್ ಟೋಪಿ ತೆಗೆದು ಗಿಡ್ಡ ಕೂದಲಿನ ಮೇಲೆ ಕೈ ಆಡಿಸಿದರು. ಆಮೇಲೆ ಹೇಳಿದರು, “ನನ್ನ ತಲಿ ಜಾಮೀನು. ಇವನ ಸಂಗಾಟ ನಾನೂ ಬಿಡ್ತೀನಿ. ಇವನ ಕೂದಲಾ ಮುಟ್ಟೋರು ಮೊದಲು ನನ್ನ ತಲಿಗೆ ಬರ್ಲಿ. ನಗೋರು ಮೊದಲು ನನ್ನ ನೋಡಿ ನಗ್ಲಿ. ತೆಗಸೋ ದಿನ ಇಬ್ರೂ ಹೋಗಿ ತೆಗಸ್ಕೊಂತೀವಿ.”

ಅವಳು ಮೆಣಸಿನಕಾಯಿ ಬಿಟ್ಟು ತಲೆ ಎತ್ತಿದಳು. “ನೀವು ಸಾಬರು. ಮನ್ಯಾಗ ನಡೀತದೇನ್ರೀ?”

“ಮನಿಯಾಕಿ ಬೈತಾಳ. ಬೈಸ್ಕೊಂತೀನಿ.”

ಒಳಗಿನಿಂದ ಬಂದ ಮಲ್ಲೇಶ ಸರ್ ತಲೆಯನ್ನೇ ನೋಡುತ್ತ ನಿಂತ. ಅಲ್ಲಿ ಕೂದಲು ಬೆಳೆಯಬಹುದೆಂದು ಅವನಿಗೆ ನಂಬಿಕೆ ಬಂದಂತಿರಲಿಲ್ಲ. ಆದರೂ ಮರುವಾರ ಶಾಲೆಗೆ ಬಂದ.

ಆ ವರ್ಷವನ್ನು ನೆನೆದರೆ ಈಗಲೂ ನಗು ಬರುತ್ತದೆ. ಮೊದಲು ಸರ್ ಕತ್ತಿನ ಮಡಿಕೆಗಳು ಮುಚ್ಚಿದವು. ನಂತರ ಕಿವಿ ಮುಚ್ಚಿದವು. ಟೋಪಿ ಕೂರದಾಯಿತು. ಸೀಟಿಯ ದಾರ ಕೂದಲಿಗೆ ಸಿಕ್ಕಿಕೊಳ್ಳುತ್ತಿತ್ತು. ಹತ್ತನೆಯ ಕ್ಲಾಸಿನವರು ಅವರಿಗೆ ‘ಹೀರೋ’ ಎಂದೇ ಹೆಸರಿಟ್ಟರು. ಕಾರಣ ಗೊತ್ತಿದ್ದದ್ದು ನಮ್ಮ ಓಣಿಯವರಿಗೆ ಮತ್ತು ಹೆಡ್‌ಮಾಸ್ತರರಿಗೆ ಮಾತ್ರ, ಯಾರಿಗೂ ಹೇಳಬಾರದೆಂದು ಸರ್ ಕಟ್ಟುನಿಟ್ಟು ಮಾಡಿದ್ದರು.

ಕಷ್ಟವಾದದ್ದು ಅವರ ಕೆಲಸಕ್ಕೆ. ಬೇರೆ ಹುಡುಗನ ಕೂದಲಿಗೆ ಬೆರಳು ತೋರಿಸಿದರೆ ಅವನ ಕಣ್ಣು ಸರ್ ತಲೆಗೆ ಹೋಗುತ್ತಿತ್ತು. ಕತ್ತರಿಸುವಂತಿಲ್ಲ, ಬಿಡುವಂತಿಲ್ಲ. ಬೇರೆ ದಾರಿಯಿಲ್ಲದೆ ಸರ್ ಕೇಳತೊಡಗಿದರು, “ಯಾಕಪ್ಪಾ, ಯಾಕ ಹಿಂಗ?” ಇದನ್ನು ದೊಡ್ಡ ಜ್ಞಾನೋದಯ ಎಂದು ಬಣ್ಣಿಸುವವರಿದ್ದಾರೆ. ಹಾಗೇನೂ ಅಲ್ಲ, ಪೇಚಿನಿಂದ ಶುರುವಾದದ್ದು ಅದು. ಆದರೆ ಕೇಳಿದ ಮೇಲೆ ಉತ್ತರಗಳು ಬರತೊಡಗಿದವು. ಒಬ್ಬಳಿಗೆ ರಿಬ್ಬನ್ ಇಲ್ಲದ್ದು ಏಕೆಂದರೆ ಇದ್ದ ಜೊತೆಯನ್ನು ಆ ದಿನ ಅಕ್ಕ ಕಟ್ಟಿಕೊಂಡು ಹೋಗಿದ್ದಳು. ಒಬ್ಬ ಪಾಠದಲ್ಲಿ ತೂಕಡಿಸುತ್ತಿದ್ದದ್ದು ಏಕೆಂದರೆ ನಸುಕಿನಲ್ಲಿ ಹಾಲು ಹಾಕಲು ಹೋಗುತ್ತಿದ್ದ. ಉಳಿದವರು ಹಾಡುಹಗಲೇ ಸುಳ್ಳು ಹೇಳುತ್ತಿದ್ದರು, ಅವರಿಗೆ ಸರ್ ಮೈದಾನ ಸುತ್ತಿಸುತ್ತಿದ್ದರು. ಮೆತ್ತಗಾದರು ಎಂದು ಯಾರೂ ತಿಳಿಯಬೇಡಿ.

ಒಮ್ಮೆ ಇಲಾಖೆಯ ಸಾಹೇಬರೊಬ್ಬರು ಪ್ರಾರ್ಥನೆಯ ಹೊತ್ತಿಗೇ ತಪಾಸಣೆಗೆ ಬಂದರು. ಎಲ್ಲರ ಎದುರಿಗೆ ನಿಂತಿದ್ದ ಸರ್ ಅವರ ಕತ್ತು ಮುಚ್ಚಿದ ಕೂದಲು ನೋಡಿ, ಮೈಕು ಆನ್ ಇದೆ ಎಂಬುದನ್ನೂ ನೋಡದೆ ಹೇಳಿದರು, “ಏನ್ರೀ ಮಾಸ್ತರೇ ಇದು ಅವತಾರ? ಮಕ್ಕಳಿಗೆ ಶಿಸ್ತು ಕಲಿಸೋರು ನೀವೇನಾ?”

ಮೈದಾನವೆಲ್ಲ ಕಿಸಕ್ಕೆಂದಿತು. ನನ್ನ ಪಕ್ಕದ ಸಾಲಿನಲ್ಲಿ ಮಲ್ಲೇಶ ಬಿಳಿಚಿಹೋಗಿದ್ದ. ಹರಕೆ ಎಂಬ ಒಂದು ಶಬ್ದ ಸಾಕಿತ್ತು, ಸಾಹೇಬರೇ ಕೈಮುಗಿದುಬಿಡುತ್ತಿದ್ದರು. ಆದರೆ ಆ ಶಬ್ದ ಬಂದ ಕೂಡಲೇ ಅಷ್ಟೂ ಕಣ್ಣುಗಳು ಮಲ್ಲೇಶನ ಕಡೆ ತಿರುಗುತ್ತಿದ್ದವು.

“ನಾಳೆಯೇ ಕಟಿಂಗ್ ಮಾಡಿಸಿ.”

“ಆಗಂಗಿಲ್ಲ ಸರ್.”

“ಯಾಕೆ?”

“ಕಾರಣ ಅದ ಸರ್. ಇಲ್ಲಿ ಹೇಳಂಗಿಲ್ಲ.”

ಕೆಲವು ದಿನಗಳಲ್ಲಿ ಅವರಿಗೆ ಕಾರಣ ಕೇಳಿ ನೋಟಿಸು ಬಂತು. ಸರಕಾರಕ್ಕೂ ಕಾರಣ ಕೇಳುವ ಪದ್ಧತಿ ಇದೆ, ದೊಡ್ಡವರಿಗೆ ಮಾತ್ರ. ಸರ್ ಏನು ಉತ್ತರ ಬರೆದರೋ ತಿಳಿಯದು, ಕೂದಲಂತೂ ಹಾಗೇ ಇತ್ತು.

ನಾವು ಹತ್ತನೆಯ ಕ್ಲಾಸಿಗೆ ಬಂದ ಮೇಲೆ ವರ್ಷ ತುಂಬಿತು. ಒಂದು ಸಾದಾ ಸೋಮವಾರ, ಗದ್ದಲವಿಲ್ಲದ ದಿನ, ದೇವಸುಗೂರಿನ ಹೊಳೆದಂಡೆಯಲ್ಲಿ, ನಾನೂ ಅವ್ವನೂ ನೋಡುತ್ತಿರುವಾಗ, ಇಬ್ಬರೂ ಪಕ್ಕಪಕ್ಕ ಕೂತು ತಲೆ ಬೋಳಿಸಿಕೊಂಡರು. ಮಲ್ಲೇಶನ ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ಸರ್ ಬೋಳುತಲೆಗೂ ಮಗನದಕ್ಕೂ ಒಟ್ಟಿಗೇ ಗಂಧ ಹಚ್ಚಿದಳು. ಮಲ್ಲೇಶ ಪರೀಕ್ಷೆ ಬರೆದ, ಪಾಸಾದ. ಈಗ ಸಿರವಾರದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಾನೆ.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆ ದಿನ ತಿರುಗಿ ಬರುವ ಬಸ್ಸಿನಲ್ಲಿ ನಾವೆಲ್ಲ ಖುಷಿಯಾಗಿದ್ದಾಗ ಸರ್ ಕಿಟಕಿಯ ಕಡೆ ನೋಡುತ್ತ ಅಂದರು, “ಇವನ ಒಬ್ಬಂದು ಕಾರಣ ಗೊತ್ತಾತು. ಉಳಿದೋರದು?”

ಆ ಪ್ರಶ್ನೆ ಅವರನ್ನು ಕೂರಗೊಡಲಿಲ್ಲ. ನಿವೃತ್ತರಾದ ಮೇಲೂ ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಶಿಷ್ಯರು ಸಿಕ್ಕರೆ ತಡೆದು ನಿಲ್ಲಿಸಿ ಕೇಳುತ್ತಿದ್ದರಂತೆ, “ಏ, ನಿನ್ನ ಆವತ್ತು ಹೊಡದಿದ್ನಲ್ಲ, ಹೋಮ್‌ವರ್ಕ್ ಯಾಕ ಬರದಿದ್ದಿಲ್ಲ?” ಮಕ್ಕಳು ಮರಿ ಜೊತೆಗಿದ್ದ ಆ ಗಂಡಸರು ಪೆಚ್ಚಾಗಿ, “ನೆನಪಿಲ್ಲ ಬಿಡ್ರೀ ಸರ,” ಎಂದು ಕಾಲು ಮುಟ್ಟಿ ಚಹಾ ಕುಡಿಸಿ ಕಳಿಸುತ್ತಿದ್ದರು. ಸರ್‌ಗೆ ಚಹಾ ಬೇಕಿರಲಿಲ್ಲ.

ನಾನೀಗ ದೇವದುರ್ಗ ತಾಲೂಕಿನ ಒಂದು ಸರಕಾರಿ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನನ್ನದು ಶಾಂತ ಸ್ವಭಾವವಲ್ಲ, ಮೊದಲೇ ಹೇಳಿಬಿಡುತ್ತೇನೆ. ಕಿವಿಯ ಮೇಲೆ ಬ್ಲೇಡಿನ ಗೆರೆ ಹಾಕಿಸಿಕೊಂಡವರು, ಚೀಲದಲ್ಲಿ ಮೊಬೈಲು ಮುಚ್ಚಿಟ್ಟವರು, ಎರಡನೆಯ ಪೀರಿಯಡ್ಡಿಗೆ ತೇಲಿ ಬರುವವರು, ಇವರನ್ನು ನೋಡಿದರೆ ನನ್ನ ಕೈಯೂ ತುರಿಸುತ್ತದೆ. ಸ್ಟಾಫ್‌ರೂಮಿನಲ್ಲಿ ದಿನಾ ಒಂದೇ ಹಾಡು, ಬೆತ್ತ ಹೋಯಿತು, ಭಯ ಹೋಯಿತು. ಒಂದೊಂದು ದಿನ ನನಗೂ ಹೌದೆನ್ನಿಸುತ್ತದೆ. ಗಂಟೆ ಬಾರಿಸುತ್ತಿರುವಾಗ ಇಷ್ಟು ಜನರ ಮುಂದೆ ನಿಂತು ಒಬ್ಬೊಬ್ಬರನ್ನೂ ಯಾಕೆ ಎಂದು ಕೇಳುವುದು ಸುಲಭವಲ್ಲ. ಕೇಳಿದರೆ ಬರುವ ಉತ್ತರ, “ಸುಮ್ನ ಟೀಚರ್, ಸ್ಟೈಲ್.” ಕೇಳದೆ ಹೊರಗೆ ನಿಲ್ಲಿಸಿದರೆ ರಾತ್ರಿಯೆಲ್ಲ ನನಗೇ ನಿದ್ದೆಯಿಲ್ಲ. ಇದರಿಂದ ರೇಗಿ ಒಮ್ಮೆ ಸರ್ ಮನೆಗೇ ಹೋಗಿ ಜಗಳ ತೆಗೆದಿದ್ದೆ.

“ಕೇಳಿ ಕೇಳಿ ಸಾಕಾಗ್ಯಾದ ಸರ್. ಬರೇ ಸುಳ್ಳು ಹೇಳ್ತಾವ.”

“ಹೇಳ್ಲಿ ಬೇಟಾ. ಒಬ್ಬರು ಕೇಳಿದ್ರು ಅನ್ನೋದರ ನೆನಪಿರ್ತದಲ್ಲ.”

ನನಗೆ ಆ ಉತ್ತರ ಸಾಲಲಿಲ್ಲ. ಇವತ್ತಿಗೂ ಸಾಲುವುದಿಲ್ಲ. ನನ್ನ ನೆಮ್ಮದಿ ಕೆಡಿಸಿದ ಮನುಷ್ಯ ಎಂದು ಎಷ್ಟೋ ಸಲ ಅವರ ಮೇಲೆ ಸಿಟ್ಟಾಗಿದ್ದೇನೆ. ನಾನು ಟೀಚರಾಗಿ ಏನಾದರೂ ಒಳ್ಳೆಯದು ಮಾಡಿದ್ದರೆ ಅದೂ ಆ ಕೆಟ್ಟುಹೋದ ನೆಮ್ಮದಿಯಿಂದಲೇ.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅದಕ್ಕೆ ಒಂದು ವಾರ ಮುಂಚೆ ಅವರನ್ನು ನೋಡಲು ರಾಯಚೂರಿನ ಗಲ್ಲಿಯ ಮನೆಗೆ ಹೋಗಿದ್ದೆ. ಲಕ್ವ ಹೊಡೆದು ಮಂಚ ಹಿಡಿದಿದ್ದರು. ಬಾಗಿಲು ತೆರೆದ ಅವರ ಹೆಂಡತಿ ಮೊದಲೇ ಎಚ್ಚರಿಸಿದರು, “ಯಾರದೂ ಗುರ್ತು ಇಲ್ಲಮ್ಮಾ. ಬಂದೋರನ್ನೆಲ್ಲ ಸಾಲಿ ಹುಡುಗ್ರು ಅಂತ ತಿಳ್ಕೊಂಡು ಕೇಳ್ತಾರ. ಡಾಕ್ಟರ್‌ಗೂ ಕೇಳಿದ್ರು.”

ನಾನು ಮಂಚದ ಪಕ್ಕ ನಿಂತೆ. ಸರ್ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ನಾಲಿಗೆ ತೊದಲುತ್ತಿತ್ತು, ಮಾತು ಮಾತ್ರ ತಿಳಿಯುತ್ತಿತ್ತು.

“ಯಾಕ ಬೇಟಾ, ದಿನಾ ಲೇಟ್?”

ಎಂಟನೆಯ ಕ್ಲಾಸಿನಲ್ಲಿ ನಾನು ದಿನಾ ತಡವಾಗಿ ಹೋಗುತ್ತಿದ್ದೆ. ಸರ್ ಗೇಟಿನ ಹೊರಗೇ ನಿಲ್ಲಿಸುತ್ತಿದ್ದರು, ಮೊದಲ ಪೀರಿಯಡ್ಡು ಮುಗಿಯುವವರೆಗೆ ಬಿಸಿಲಲ್ಲಿ. ಅವರಿಗೆ ಅದು ನೆನಪಿತ್ತೋ, ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ನನಗೂ ಕೇಳಿದರೋ ಗೊತ್ತಿಲ್ಲ. ಅಷ್ಟು ವರ್ಷ ಅವರೊಡನೆ ಮಾತಾಡಿದ್ದೆ, ಜಗಳವಾಡಿದ್ದೆ, ಇದೊಂದನ್ನು ಹೇಳಿರಲಿಲ್ಲ.

“ಓಣ್ಯಾಗ ನಳ ಲೇಟ್ ಬಿಡ್ತಿದ್ರು ಸರ್. ಅವ್ವ ನಾಟಿಗೆ ಹೋಗಿರ್ತಿದ್ಲು. ನೀರು ತುಂಬಿಟ್ಟು ಬರಬೇಕಿತ್ತು.”

“ಇಷ್ಟೇನಾ?”

“ಇಷ್ಟೇ ಸರ್.”

ಅವರ ಕಣ್ಣಂಚಿನಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಏಳಲಿಲ್ಲ. ಆ ಕೈಯ ಬೆರಳು ಮಾತ್ರ ಹಾಸಿಗೆಯ ಮೇಲೆ ಒಂದಿಷ್ಟು ಆಡಿತು, ಗೇಟು ತೆರೆದು ದಾರಿ ಬಿಡುವವರ ಹಾಗೆ.

“ಹೋಗು. ಒಳಗ ಹೋಗು. ಪಾಠ ನಡದದ.”