ಕುಂಕುಮ ಹತ್ತಿದ ಸ್ಮಾರಕ ನಾಣ್ಯ

ಕಳೆದ ವಾರ ಕೊಪ್ಪದ ಪೇಟೆಯಲ್ಲಿ ಕಾಫಿಪುಡಿ ಕೊಳ್ಳಲು ನಿಂತಿದ್ದಾಗ, ಅಂಗಡಿಯವರು ಪ್ಯಾಕೆಟ್ಟಿನ ಬಾಯಿಯನ್ನು ಸೀಲಿಂಗ್ ಮಷೀನಿನಲ್ಲಿ ಒತ್ತಿದರು. ಬಿಸಿ ಪ್ಲಾಸ್ಟಿಕ್ಕು ಮತ್ತು ಹುರಿದ ಕಾಫಿ ಕೂಡಿದ ಆ ವಾಸನೆಯಿಂದಾಗಿ ಸುಮಾರು ಹತ್ತು ವರ್ಷಗಳ ಹಿಂದಿನ ಒಂದು ಪ್ರಸಂಗವು ನೆನಪಿಗೆ ಬಂತು. ಕಚೇರಿ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಕಾರಣ, ಈ ಬರಹದಲ್ಲಿ ತಪ್ಪುಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ.

ಆಗ ನಾನು ಬಸ್ ನಿಲ್ದಾಣದ ಸಮೀಪದ ಕಚೇರಿಯೊಂದರಲ್ಲಿ ಬೆರಳಚ್ಚುಗಾರ್ತಿಯಾಗಿದ್ದೆ. ಎದುರಿಗೆ ಒಂದು ಗಡಿಯಾರ ರಿಪೇರಿ ಅಂಗಡಿಯಿತ್ತು. ಅಂಗಡಿಯವರಿಗೆ ಹೊಸ ಕಾಲದ ನಾಣ್ಯಗಳನ್ನು ಸಂಗ್ರಹಿಸುವ ಹವ್ಯಾಸವಿತ್ತು. ಶೃಂಗೇರಿಯ ಹೂವಿನ ಅಂಗಡಿಗಳಿಗೆ ಯಾತ್ರಿಕರು ಕೊಟ್ಟ ಚಿಲ್ಲರೆಯನ್ನು ನೋಟಿಗೆ ಬದಲಾಯಿಸಿ ತಂದು, ಯಾವ ಟಂಕಸಾಲೆಯಲ್ಲಿ ಅಚ್ಚಾದದ್ದೆಂದು ತಿಳಿಯಲು, ಇಸವಿಯ ಕೆಳಗಿರುವುದು ಚುಕ್ಕಿಯೋ ನಕ್ಷತ್ರವೋ ಎಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡುತ್ತಿದ್ದರು. ನಾಣ್ಯದ ಸ್ಥಿತಿಗೆ ಎಪ್ಪತ್ತರವರೆಗೆ ಅಂಕ ಕೊಡುವ ಪದ್ಧತಿಯುಂಟೆಂದು ನನಗೆ ತಿಳಿಸಿದವರು ಅವರೇ. ಎರಡು ಮೂರು ಅಂಕಗಳ ವ್ಯತ್ಯಾಸದಿಂದ ಬೆಲೆಯು ಎಷ್ಟೋ ಪಟ್ಟು ಏರುವುದೂ ಉಂಟು.

ಮಧ್ಯಾಹ್ನದ ವಿರಾಮದಲ್ಲಿ ನಾನು ಹೋದರೆ, ನಾಣ್ಯದ ಅಂಚನ್ನು ಮಾತ್ರ ಹಿಡಿದು ದೀಪದ ಕೆಳಗೆ ಓರೆ ಮಾಡಿ, ಮೊದಲು ನನ್ನನ್ನೇ ಕೇಳುತ್ತಿದ್ದರು.

“ನಿಂಗೆ ಎಷ್ಟು ಕಾಣ್ತದೆ ತಂಗಿ?”

“ಅರವತ್ನಾಲ್ಕು.”

“ಅಂಚು ನೋಡಿದ್ಯಾ? ಚೀಲದಲ್ಲಿ ಒಂದಕ್ಕೊಂದು ಗುದ್ದಾಡಿ ಬಂದದ್ದು. ಅರವತ್ತೆರಡು, ಅದರ ಮೇಲಿಲ್ಲ.”

ಒಮ್ಮೆ ನರಸಿಂಹರಾಜಪುರದಿಂದ ಒಬ್ಬರು, ತಮ್ಮಲ್ಲಿರುವ ಹತ್ತು ರೂಪಾಯಿಯ ನಾಣ್ಯಕ್ಕೆ ಲಕ್ಷ ಬೆಲೆಯಿದೆಯೆಂದು ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದರು. “ಲಕ್ಷ ಕೊಡುವವನ ಅಂಗಡಿ ಎಲ್ಲಿ ಅಂತ ನಂಗೂ ಹೇಳು ಮಾರಾಯ, ನನ್ನ ಹತ್ರ ಒಂದು ಡಬ್ಬಿ ಇದೆ. ಇದ್ರಲ್ಲಿ ಒಂದು ಟೀ ಬರ್ತದೆ, ಕುಡ್ದು ಹೋಗು” ಎಂದು ಅಂಗಡಿಯವರು ಹೇಳಿದ್ದರು. ಯಾರ ಮುಖ ನೋಡಿಯೂ ಒಂದಂಕವನ್ನು ಹೆಚ್ಚಿಸಿದವರಲ್ಲ…

ಅವರಲ್ಲಿ ಒಂದು ಸ್ಮಾರಕ ನಾಣ್ಯವಿತ್ತು. ಟಂಕಸಾಲೆಯಿಂದ ಅಂಚೆಯಲ್ಲಿ ತರಿಸಿದ್ದು; ಕನ್ನಡಿಯಂತೆ ಹೊಳೆಯುವಂಥದ್ದು; ಸೀಲು ಒಡೆಯದ ಪ್ಲಾಸ್ಟಿಕ್ಕಿನಲ್ಲಿ, ಯಾರ ಕೈಯೂ ತಾಗದೆ ಇತ್ತು. ಚಿಲ್ಲರೆಯಲ್ಲಿ ಆರಿಸಿದ ನಾಣ್ಯಗಳಿಗೆ ಎಂದೂ ಪೂರ್ಣಾಂಕ ಸಿಗದು. ಆದ್ದರಿಂದ ಎಪ್ಪತ್ತಕ್ಕೆ ಎಪ್ಪತ್ತು ಪಡೆಯುವ ಅವರ ಆಸೆಯೆಲ್ಲ ಇದೊಂದರ ಮೇಲಿತ್ತು. ಕಣ್ಣಿನ ಪೊರೆ ತೆಗೆಸಲು ಶಿವಮೊಗ್ಗಕ್ಕೆ ಹೊರಟಾಗ, ಹೊಸ ಕಣ್ಣಿನಿಂದ ತಾವೊಮ್ಮೆ ನೋಡಿ ಬಳಿಕ ಅಂಕ ಕೊಡುವ ಸಂಸ್ಥೆಗೆ ಕಳುಹಿಸುವುದಾಗಿ ಹೇಳಿ, ಅದನ್ನು ನನ್ನ ಸುಪರ್ದಿಗೆ ಒಪ್ಪಿಸಿದರು.

ನಾನು ಅದನ್ನು ದೇವರ ಕೋಣೆಯ ಪೆಟ್ಟಿಗೆಯಲ್ಲಿರಿಸಿದೆ. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ನಾನು ಕಚೇರಿಯಿಂದ ಮರಳುವಷ್ಟರಲ್ಲಿ, ನಾಣ್ಯವು ಹಾಲಿನಲ್ಲಿ ಮಿಂದು, ಅತ್ತೆಯವರ ಸೆರಗಿನಲ್ಲಿ ಒರೆಸಿಕೊಂಡು, ಕುಂಕುಮ ಹಚ್ಚಿಸಿಕೊಂಡು ತಟ್ಟೆಯಲ್ಲಿ ಕುಳಿತಿತ್ತು.

“ಎಂತ ಮಾರಾಯ್ತಿ ಹಂಗೆ ನೋಡ್ತಿ? ಪ್ಲಾಸ್ಟಿಕ್ಕಿಗೆ ಕುಂಕುಮ ಹಚ್ಚೂದಾ? ಒಳಗೆ ಲಕ್ಷ್ಮಿಗೆ ಉಸಿರು ಕಟ್ಟೂದಿಲ್ವಾ?” ಎಂದರು ಅತ್ತೆ.

ಅವರ ಮೇಲೆ ದೋಷ ಹೊರಿಸುವ ಉದ್ದೇಶ ನನಗಿಲ್ಲ. ಅನಂತರ ನಾನು ಮಾಡಿದ್ದೇ ತಪ್ಪು. ಕುಂಕುಮವನ್ನು ಹತ್ತಿಯಿಂದ ತೆಗೆದು, ನಾಣ್ಯವನ್ನು ಅದೇ ಪ್ಲಾಸ್ಟಿಕ್ಕಿನಲ್ಲಿಟ್ಟು, ಕಾಫಿಪುಡಿಯ ಅಂಗಡಿಗೆ ಹೋಗಿ ಬಾಯಿಯನ್ನು ಸೀಲು ಮಾಡಿಸಿದೆ.

ತಿಂಗಳಾದ ಮೇಲೆ ಗಡಿಯಾರದ ಅಂಗಡಿಯವರು ಮರಳಿ ಬಂದು ಅಂಗಡಿ ತೆರೆದರು. ಪ್ಯಾಕೆಟ್ಟನ್ನು ಕೈಗೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು.

“ನಮ್ಮ ನಾಣ್ಯ ಕಾಫಿ ಕುಡ್ದು ಬಂದಿದೆಯಲ್ಲ ತಂಗಿ?”

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಪ್ಯಾಕೆಟ್ಟನ್ನು ಕತ್ತರಿಸಿ, ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. “ಹೊಸ ಕಣ್ಣು ಭಾರಿ ಚುರುಕು ಮಾರಾಯ್ತಿ. ಸೆರಗಿನ ಗೀರು ಒಂದೊಂದೂ ಕಾಣ್ತದೆ… ಅಕ್ಷರದ ಸಂದಿಯಲ್ಲಿ ಕುಂಕುಮವೂ ಉಂಟು.”

“ಹಾಗೇ ಕಳಿಸಿ ನೋಡಿ, ಅವರಿಗೆ ತಿಳಿಯದೆ ಇದ್ದೀತು” ಎಂದು ಅಂಗಲಾಚಿದೆ. ಅವರು ಪೆನ್ನು ತೆಗೆದುಕೊಂಡರು. ನಾಣ್ಯದ ಜೊತೆಗಿಡುವ ರಟ್ಟಿನ ಚೀಟಿಯ ಮೇಲೆ “ಒರೆಸಿದ್ದು, ಅಂಕವಿಲ್ಲ, ಮುಖಬೆಲೆ” ಎಂದು ಬರೆದರು.

“ಅತ್ತೆ ಪೂಜೆ ಮಾಡಿದ್ದಕ್ಕೆ ಬೇಜಾರಿಲ್ಲ. ನೀನು ಸೀಲು ಹಾಕ್ಸಿದ್ಯಲ್ಲ…” ಎಂದಷ್ಟೇ ಹೇಳಿದರು.

ಅನಂತರವೂ ಅವರ ಸೌಜನ್ಯದಲ್ಲಿ ಕೊರತೆಯಾಗಲಿಲ್ಲ. ಹೋದರೆ ಸ್ಟೂಲು ಸರಿಸುತ್ತಿದ್ದರು, ಚಹಾ ತರಿಸುತ್ತಿದ್ದರು. ಆದರೆ ನನಗೆ ಎಷ್ಟು ಕಾಣುತ್ತದೆ ಎಂದು ಮತ್ತೆಂದೂ ಕೇಳಲಿಲ್ಲ. ಅಂಕವನ್ನು ತಾವೇ ಹೇಳಿ ನಾಣ್ಯವನ್ನು ಒಳಗಿಡುತ್ತಿದ್ದರು… ನಾನೂ ಹೋಗುವುದನ್ನು ಕಡಿಮೆ ಮಾಡಿದೆ.

ಕಳೆದ ವರ್ಷ ಅವರು ತೀರಿಕೊಂಡರು. ಸಂಗ್ರಹಕ್ಕೆ ಬೆಲೆ ಕಟ್ಟಿಕೊಡಬೇಕೆಂದು ಅವರ ಮಗಳು ಈಚೆಗೆ ಕೇಳಿಕೊಂಡಿದ್ದಳು. ನಾನು ಉತ್ತರ ಕೊಡದೆ ದಿನ ದೂಡುತ್ತಿದ್ದೆ. ಅಂದು ಕಾಫಿಪುಡಿಯನ್ನು ಚೀಲಕ್ಕೆ ಹಾಕಿಕೊಂಡು ನೇರವಾಗಿ ಅವರ ಮನೆಗೆ ಹೋಗಿ, ಈ ಕೆಲಸಕ್ಕೆ ನಾನು ತಕ್ಕವಳಲ್ಲವೆಂದೂ, ಅದಕ್ಕೆ ಕಾರಣವೇನೆಂದೂ ತಿಳಿಸಿದೆ.

ಅವಳು ನನ್ನನ್ನೇ ನೋಡಿದಳು. “ಎಂತ ಹೇಳ್ತೀರಿ ಅಕ್ಕ? ಅದನ್ನ ಅಪ್ಪನೇ ಒರೆಸಿ ಹಾಳು ಮಾಡಿದ್ದಲ್ವಾ? ಆಪರೇಷನ್ ಆದ ಹೊಸತು, ಕಣ್ಣು ಮಂಜಿತ್ತು, ಗೊತ್ತಾಗ್ಲಿಲ್ಲ ಅಂದಿದ್ರು. ಅಮ್ಮ ಅದನ್ನೇ ಹೇಳಿ ಹೇಳಿ ಅವರನ್ನ ಎಷ್ಟು ಆಡ್ಕೊಂಡಿದಾಳೆ!”

ರಟ್ಟಿನ ಮೇಲೆ ಒಂದು ಸುಳ್ಳಕ್ಷರ ಬರೆಯದವರು, ನನ್ನ ಹೆಸರು ಬಾರದಿರಲೆಂದು ಮನೆಯಲ್ಲಿ ಸುಳ್ಳು ಹೇಳಿ, ಇಷ್ಟು ವರ್ಷ ಹೆಂಡತಿಯ ಹಾಸ್ಯವನ್ನು ಸಹಿಸಿದ್ದರು. ಅವರಿರುವಾಗ ಇದು ತಿಳಿದಿದ್ದರೆ…

ಮಗಳು ಡಬ್ಬಿಗಳನ್ನು ತಂದು ಮುಂದಿಟ್ಟಳು. ಕೈ ತೊಳೆದು ಒರೆಸಿಕೊಂಡು, ಮೊದಲ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿದೆ. ಅರವತ್ತಮೂರು ಎಂದು ಬರೆಯಲು ಮನಸ್ಸಾಯಿತು. ಅಂಚನ್ನು ಮತ್ತೊಮ್ಮೆ ನೋಡಿ ಅರವತ್ತೆರಡು ಎಂದು ಬರೆದೆ. ಸರಿಯೇ ತಪ್ಪೇ ಎಂದು ಹೇಳಬಲ್ಲವರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ.